ಮನೆ ಕಟ್ಟಿಸುವವರಿಗೆ ಟ್ರೆಲ್ಲೊ: ಫೋನ್ ಆಪ್‌ನ ಹೊಸ ಸೌಲಭ್ಯಗಳನ್ನು ಸೈಟ್‌ನಲ್ಲಿ ಬಳಸುವುದು ಹೇಗೆ

ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿ ನೆನಪಿಡುವ ಟ್ರೆಲ್ಲೊ ಹೊಸ ಆಪ್ ಏನಲ್ಲ. 2011ರಲ್ಲಿ ಅಮೆರಿಕದ ಫಾಗ್ ಕ್ರೀಕ್ ಕಂಪನಿ ಇದನ್ನು ಶುರು ಮಾಡಿತು. 2017ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕೊಂಡುಕೊಂಡಿತು. ಸಾಫ್ಟ್‌ವೇರ್ ಆಫೀಸಿನವರು ವರ್ಷಗಟ್ಟಲೆ ಬಳಸಿದ್ದಾರೆ. ನಮ್ಮಂಥ ಕಟ್ಟಡದ ಕೆಲಸದವರು ಮಾತ್ರ 'ಇದು ನಮಗಲ್ಲ' ಅಂತ ದೂರ ಇಟ್ಟಿದ್ದೇವೆ. 2025ರಲ್ಲಿ ಇದರ ರೂಪ ಬದಲಾಯಿತು. ಇನ್‌ಬಾಕ್ಸ್ ಮತ್ತು ಪ್ಲಾನರ್ ಅಂತ ಎರಡು ಹೊಸ ಜಾಗ ಬಂದವು. ಅದರಲ್ಲೂ ಇನ್‌ಬಾಕ್ಸ್ ಇದೆಯಲ್ಲ, ದಿನವಿಡೀ ಬಿಸಿಲಲ್ಲಿ ನಿಂತು ಒಂದೇ ಕೈಯಲ್ಲಿ ಫೋನ್ ಒತ್ತುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಶಿವಮೊಗ್ಗದಲ್ಲಿ ಮನೆ ಕಟ್ಟಿಸಿಕೊಡುವ ಕೆಲಸ ನನ್ನದು. ಸಿವಿಲ್ ಡಿಪ್ಲೊಮಾ ಓದಿ, ಮೇಸ್ತ್ರಿಯಾಗಿದ್ದ ಅಪ್ಪನ ಜೊತೆ ಸೈಟ್‌ಗೆ ಇಳಿದವಳು. ಒಂದೇ ಸಮಯಕ್ಕೆ ಎರಡು ಮೂರು ಮನೆ ನಡೆಯುತ್ತಿರುತ್ತವೆ. ಒಂದು ಗೋಪಾಳದಲ್ಲಿ ಪ್ಲಾಸ್ಟರಿಂಗ್‌ಗೆ ಬಂದಿದ್ದರೆ ಇನ್ನೊಂದು ವಿನೋಬನಗರದಲ್ಲಿ ಪಾಯದಲ್ಲೇ ಇರುತ್ತದೆ. ಇದರ ನಡುವೆ ಮಾಲೀಕರು, ಮೇಸ್ತ್ರಿ, ಕಂಬಿ ಕಟ್ಟುವವರು, ಕಾಂಕ್ರೀಟ್‌ಗೆ ಹಲಗೆ ಕಟ್ಟುವ ಸೆಂಟ್ರಿಂಗ್‌ನವರು, ಎಲೆಕ್ಟ್ರಿಷಿಯನ್, ಪ್ಲಂಬರ್, ಹಾರ್ಡ್‌ವೇರ್ ಅಂಗಡಿಯವರು. ಎಲ್ಲರ ಮಾತೂ ವಾಟ್ಸಾಪ್‌ಗೇ ಬರುತ್ತದೆ.

ವಾಟ್ಸಾಪ್ ಬಿಡಿ ಅಂತ ನಾನು ಹೇಳುವುದಿಲ್ಲ. ಬಿಡೋಕೂ ಆಗಲ್ಲ. ಆದರೆ ಬೆಳಿಗ್ಗೆ ಬಂದ ಮುಖ್ಯವಾದ ಮೆಸೇಜು ಸಂಜೆಯೊಳಗೆ 'ಶುಭೋದಯ'ಗಳ ಕೆಳಗೆ ಹೂತು ಹೋಗಿರುತ್ತದೆ. ಮಾತಾಡಲು ವಾಟ್ಸಾಪ್ ಇರಲಿ. ಕೆಲಸ ನೆನಪಿಡಲು ಬೇರೆ ಜಾಗ ಬೇಕು. ಆ ಜಾಗವನ್ನು ಫೋನ್‌ನಲ್ಲೇ ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಕಂಪ್ಯೂಟರ್ ಬೇಕಾಗಿಲ್ಲ. ಶುರುವಿಗೆ ದುಡ್ಡೂ ಬೇಕಾಗಿಲ್ಲ.

ಮೊದಲು ಬೋರ್ಡ್

ಟ್ರೆಲ್ಲೊದಲ್ಲಿ ಇರುವುದು ಮೂರೇ ಸಂಗತಿ. ಬೋರ್ಡ್, ಅದರೊಳಗೆ ಲಿಸ್ಟ್‌ಗಳು, ಲಿಸ್ಟ್‌ನೊಳಗೆ ಕಾರ್ಡ್‌ಗಳು. ಒಂದು ಕಾರ್ಡ್ ಅಂದರೆ ಒಂದು ಕೆಲಸ. ಒಂದು ಮನೆಗೆ ಒಂದು ಬೋರ್ಡ್ ಮಾಡಿ. ಎರಡು ಮನೆಯನ್ನು ಒಂದೇ ಬೋರ್ಡ್‌ಗೆ ಹಾಕಿದರೆ ಯಾವ ಮನೆಯ ಕಿಟಕಿ, ಯಾವ ಮನೆಯ ಬಾಗಿಲು ಅಂತ ಗೊತ್ತಾಗುವುದೇ ಇಲ್ಲ. ಬೋರ್ಡ್‌ನ ಹಿನ್ನೆಲೆ ಬಣ್ಣವನ್ನೂ ಮನೆಗೊಂದರಂತೆ ಬೇರೆ ಬೇರೆ ಇಡಿ. ಬಿಸಿಲಲ್ಲಿ ಅಕ್ಷರ ಓದುವ ಮೊದಲು ಬಣ್ಣ ಕಾಣುತ್ತದೆ.

ಲಿಸ್ಟ್‌ಗಳನ್ನು ಪಾಯ, ಗೋಡೆ, ಮೋಲ್ಡ್ (ಕಾಂಕ್ರೀಟ್ ಚಾವಣಿ), ಪ್ಲಾಸ್ಟರ್ ಅಂತ ಮಾಡಬೇಕು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಮನೆ ಯಾವ ಹಂತದಲ್ಲಿದೆ ಅಂತ ನೋಡಿದರೇ ಕಾಣುತ್ತದಲ್ಲ, ಅದಕ್ಕೆ ಆಪ್ ಯಾಕೆ? ಕೆಲಸ ಎಲ್ಲಿ ನಿಂತಿದೆ ಅನ್ನುವುದು ಗೊತ್ತಾಗಬೇಕು. ನನ್ನ ಬೋರ್ಡ್‌ನಲ್ಲಿ ಐದು ಲಿಸ್ಟ್: 'ಮುಂದೆ', 'ಈ ವಾರ', 'ನಡೀತಿದೆ', 'ಕಾಯ್ತಿದೆ', 'ಮುಗೀತು'.

ಇದರಲ್ಲಿ 'ಕಾಯ್ತಿದೆ' ಅನ್ನುವ ಲಿಸ್ಟ್ ಬಿಟ್ಟರೆ ಇಡೀ ಬೋರ್ಡ್ ದಂಡ. ಮನೆ ಕೆಲಸ ತಡವಾಗುವುದು ಕೆಲಸಗಾರರು ನಿಧಾನ ಅಂತ ಅಲ್ಲ, ಯಾರೋ ಯಾವುದಕ್ಕೋ ಕಾಯುತ್ತಿರುತ್ತಾರೆ ಅಂತ. ಬಾತ್‌ರೂಮ್ ಟೈಲ್ಸ್ ಬಣ್ಣವನ್ನು ಮಾಲೀಕರು ಹೇಳಬೇಕು. ಮೆಟ್ಟಿಲಿನ ಡ್ರಾಯಿಂಗ್ ಎಂಜಿನಿಯರ್ ಕಳಿಸಬೇಕು. ಮೆಸ್ಕಾಂನ ತಾತ್ಕಾಲಿಕ ಕನೆಕ್ಷನ್ ಬರಬೇಕು. ಇಂಥ ಕಾರ್ಡ್‌ಗಳೆಲ್ಲ ಒಂದೇ ಕಡೆ ಸೇರಿದರೆ, ಬೆಳಿಗ್ಗೆ ಚಹಾ ಕುಡಿಯುತ್ತಾ ಯಾರಿಗೆ ಫೋನ್ ಮಾಡಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ.

ಕಾರ್ಡ್‌ನ ಹೆಸರಿಗೂ ಒಂದು ಮಾತು. 'ಸಂಪ್' ಅಂತ ಬರೆದರೆ ನಾಲ್ಕು ದಿನದ ಮೇಲೆ ಅದು ಏನು ಅಂತ ನಿಮಗೇ ತಿಳಿಯುವುದಿಲ್ಲ. 'ಸಂಪ್ ಒಳಗಡೆ ವಾಟರ್‌ಪ್ರೂಫಿಂಗ್ ಎರಡನೇ ಕೋಟ್ ಹೊಡೆಸುವುದು' ಅಂತ ಬರೆಯಿರಿ. ಉದ್ದವಾದರೂ ಪರವಾಗಿಲ್ಲ. ಆಪ್‌ನ ಬಟನ್‌ಗಳು ಇಂಗ್ಲಿಷ್‌ನಲ್ಲಿದ್ದರೂ ಒಳಗೆ ಕನ್ನಡದಲ್ಲಿ ಬರೆಯಲು ಯಾವ ತೊಂದರೆಯೂ ಇಲ್ಲ. ಟೈಪ್ ಮಾಡಲು ಬೇಜಾರಾದರೆ ಜಿಬೋರ್ಡ್ ಕೀಬೋರ್ಡ್‌ನಲ್ಲಿ ಕನ್ನಡ ಸೇರಿಸಿ, ಮೈಕ್ ಒತ್ತಿ ಹೇಳಿ. ಮಿಕ್ಸರ್ ಓಡುವಾಗ ಮಾತ್ರ ಸ್ವಲ್ಪ ದೂರ ಹೋಗಿ ಹೇಳಬೇಕು.

ಇನ್‌ಬಾಕ್ಸ್: ಸಿಕ್ಕಿದ್ದೆಲ್ಲ ಮೊದಲು ಇಲ್ಲಿಗೆ

ಹೊಸ ಆಪ್‌ನಲ್ಲಿ ನಾನು ಬಹಳ ಮೆಚ್ಚಿದ್ದು ಇದನ್ನೇ. ಹಿಂದೆ ಒಂದು ಕಾರ್ಡ್ ಸೇರಿಸಬೇಕು ಅಂದರೆ ಬೋರ್ಡ್ ಹುಡುಕಬೇಕು, ಲಿಸ್ಟ್ ಹುಡುಕಬೇಕು, ಆಮೇಲೆ ಬರೆಯಬೇಕು. ಏಣಿ ಮೇಲೆ ನಿಂತವರಿಗೆ ಅಷ್ಟು ತಾಳ್ಮೆ ಇರುತ್ತದೆಯೇ? ಈಗ ಹಾಗಲ್ಲ. ಇನ್‌ಬಾಕ್ಸ್ ತೆರೆದು ಒಂದು ಸಾಲು ಬರೆದು ಬಿಟ್ಟರೆ ಮುಗಿಯಿತು. ಯಾವ ಮನೆಗೆ ಸೇರಿದ್ದು, ಯಾವಾಗ ಮಾಡಬೇಕು ಅನ್ನುವುದೆಲ್ಲ ಆಮೇಲಿನ ಮಾತು.

ಇನ್‌ಬಾಕ್ಸ್‌ನಲ್ಲಿ ಇರುವುದು ನಿಮಗೊಬ್ಬರಿಗೇ ಕಾಣುತ್ತದೆ. ಬೋರ್ಡ್‌ಗೆ ಮಾಲೀಕರನ್ನು ಸೇರಿಸಿದ್ದರೂ ಇದು ಅವರಿಗೆ ಕಾಣುವುದಿಲ್ಲ. ಹಾಗಾಗಿ 'ಪ್ಲಂಬರ್ ಬದಲಿಸಬೇಕಾ?' ಅನ್ನುವಂಥದ್ದನ್ನೂ ಧೈರ್ಯವಾಗಿ ಬರೆದುಕೊಳ್ಳಬಹುದು.

ಬರೆಯುವುದಷ್ಟೇ ಅಲ್ಲ, ಬೇರೆ ಆಪ್‌ನಿಂದಲೂ ಇದರೊಳಗೆ ಹಾಕಬಹುದು. ಹಾರ್ಡ್‌ವೇರ್ ಅಂಗಡಿಯವರು ವಾಟ್ಸಾಪ್‌ನಲ್ಲಿ ಕೊಟೇಶನ್ ಪಿಡಿಎಫ್ ಕಳಿಸಿದರು ಅಂತ ಇಟ್ಟುಕೊಳ್ಳಿ. ಅದನ್ನು ತೆರೆದು, ಶೇರ್ ಒತ್ತಿ, ಬರುವ ಆಪ್‌ಗಳಲ್ಲಿ ಟ್ರೆಲ್ಲೊ ಆರಿಸಿ, ಇನ್‌ಬಾಕ್ಸ್‌ಗೆ ಹಾಕಿ. ಫೋಟೊಗೂ ಇದೇ ದಾರಿ. ಬರೀ ಅಕ್ಷರದ ಮೆಸೇಜ್ ಆದರೆ ಒತ್ತಿ ಹಿಡಿದು ಕಾಪಿ ಮಾಡಿ, ಇನ್‌ಬಾಕ್ಸ್‌ನಲ್ಲಿ ಪೇಸ್ಟ್ ಮಾಡುವುದು ಸುಲಭ. ಎಂಜಿನಿಯರ್ ಡ್ರಾಯಿಂಗನ್ನು ಮೇಲ್ ಮಾಡುತ್ತಾರಾ? ಟ್ರೆಲ್ಲೊ ಕೊಡುವ ಒಂದು ಮೇಲ್ ವಿಳಾಸಕ್ಕೆ ಅದನ್ನು ಫಾರ್ವರ್ಡ್ ಮಾಡಿದರೆ ಅದೂ ಕಾರ್ಡ್ ಆಗಿ ಇನ್‌ಬಾಕ್ಸ್‌ಗೆ ಬರುತ್ತದೆ. ಟ್ರೆಲ್ಲೊ ಖಾತೆಗೆ ಕೊಟ್ಟಿರುವ ಮೇಲ್ ಐಡಿಯಿಂದಲೇ ಫಾರ್ವರ್ಡ್ ಮಾಡಬೇಕು, ಅಷ್ಟೇ. ಐಫೋನ್ ಇದ್ದವರು ಸಿರಿಗೆ ಹೇಳಿಯೂ ಸೇರಿಸಬಹುದು. ಆಫೀಸ್ ಚಾಟ್ ಆಪ್‌ಗಳಾದ ಸ್ಲ್ಯಾಕ್, ಟೀಮ್ಸ್‌ನಿಂದ ತರುವ ದಾರಿಯೂ ಇದೆ, ಆಫೀಸಿನವರಿಗೆ ಅದು ಉಪಯೋಗ.

ವಾಯ್ಸ್ ಮೆಸೇಜ್‌ಗಳನ್ನು ಮಾತ್ರ ಹಾಗೇ ಹಾಕಿಟ್ಟುಕೊಳ್ಳಬೇಡಿ. ನಮ್ಮ ಎಲೆಕ್ಟ್ರಿಷಿಯನ್ ಎರಡು ನಿಮಿಷ ಮಾತಾಡಿ ಕೊನೆಗೆ ಕೆಲಸದ ವಿಷಯ ಹೇಳುತ್ತಾನೆ. ಆ ಎರಡು ನಿಮಿಷವನ್ನು ಸಂಜೆ ಮತ್ತೆ ಯಾರು ಕೇಳುತ್ತಾರೆ? ಕೇಳಿದ ತಕ್ಷಣ ಒಂದು ಸಾಲು ಬರೆದುಬಿಡಿ: 'ಹಾಲ್‌ಗೆ ಇನ್ನೊಂದು ಫ್ಯಾನ್ ಬಾಕ್ಸ್, ಮೋಲ್ಡ್‌ಗೆ ಮುಂಚೆ.'

ಇನ್ನು ಈ ಇನ್‌ಬಾಕ್ಸ್‌ಗೆ ಒಂದೇ ನಿಯಮ. ದಿನಾ ಸಂಜೆ ಖಾಲಿ ಮಾಡಬೇಕು. ಕೂಲಿ ಲೆಕ್ಕ ಮುಗಿಸಿದ ಮೇಲೆ ಕೂತು ಒಂದೊಂದೇ ಕಾರ್ಡ್ ನೋಡಿ. ಬೇಡದ್ದನ್ನು ಆರ್ಕೈವ್ ಮಾಡಿ, ಅಂದರೆ ಕಣ್ಣಿಂದ ಮರೆಯಾಗಿ ಎತ್ತಿಡಿ. ಆಗಲೇ ಮುಗಿಸಬಹುದಾದ ಫೋನ್ ಕಾಲ್ ಆಗಿದ್ದರೆ ಆಗಲೇ ಮುಗಿಸಿ. ಉಳಿದದ್ದನ್ನು ಆಯಾ ಮನೆಯ ಬೋರ್ಡ್‌ಗೆ ಮೂವ್ ಮಾಡಿ. ಮೂವ್ ಮಾಡುವಾಗಲೇ ಎರಡು ಪ್ರಶ್ನೆಗೆ ಉತ್ತರ ಬರೆಯಬೇಕು: ಇದನ್ನು ಯಾರು ಮಾಡಬೇಕು, ಯಾವತ್ತು ಆಗಬೇಕು. ಎರಡೂ ಗೊತ್ತಿಲ್ಲದಿದ್ದರೆ ಅದು 'ಮುಂದೆ' ಲಿಸ್ಟ್‌ಗೆ ಹೋಗಲಿ. ಖಾಲಿ ಮಾಡದೆ ವಾರಗಟ್ಟಲೆ ಬಿಟ್ಟರೆ ಇನ್‌ಬಾಕ್ಸ್ ಕೂಡ ಇನ್ನೊಂದು ವಾಟ್ಸಾಪ್ ಗ್ರೂಪ್ ಆಗುತ್ತದೆ.

ಆಂಡ್ರಾಯ್ಡ್ ಫೋನ್ ಇದ್ದವರು ಹೋಮ್ ಸ್ಕ್ರೀನ್‌ನಲ್ಲಿ ಟ್ರೆಲ್ಲೊ ವಿಜೆಟ್ ಇಟ್ಟುಕೊಳ್ಳಿ. ಖಾಲಿ ಜಾಗ ಒತ್ತಿ ಹಿಡಿದರೆ ವಿಜೆಟ್ಸ್ ಅಂತ ಬರುತ್ತದೆ, ಅದರಲ್ಲಿ ಟ್ರೆಲ್ಲೊ ಹುಡುಕಿ. ಕಾರ್ಡ್ ಸೇರಿಸಲು ಆಪ್ ತೆರೆಯುವ ಕೆಲಸವೂ ತಪ್ಪುತ್ತದೆ.

ಮೋಲ್ಡ್ ದಿನದ ಕಾರ್ಡ್

ಚೆಕ್‌ಲಿಸ್ಟ್ ಮತ್ತು ಡೇಟ್ ಹಳೆಯ ಸೌಲಭ್ಯಗಳೇ. ಆದರೆ ಮನೆ ಕಟ್ಟುವವರಿಗೆ ಇವೆರಡೇ ಆಪ್‌ನ ಜೀವ. ಒಂದು ಕಾರ್ಡನ್ನು ಪೂರ್ತಿ ತೋರಿಸುತ್ತೇನೆ.

ಕಾರ್ಡ್‌ನ ಹೆಸರು: 'ನೆಲಮಹಡಿ ಮೋಲ್ಡ್ ಹಾಕುವುದು'. ತೆರೆದು ಚೆಕ್‌ಲಿಸ್ಟ್ ಸೇರಿಸಿ, ಅದಕ್ಕೆ 'ಹಾಕುವ ಮುಂಚೆ' ಅಂತ ಹೆಸರಿಡಿ. ನನ್ನದು ಹೀಗಿದೆ. ಸೆಂಟ್ರಿಂಗ್ ಲೆವೆಲ್ ನೋಡಿದ್ದು. ಹಲಗೆಗೆ ಕೆಳಗಿನಿಂದ ಆಸರೆ ಕೊಡುವ ಪ್ರಾಪ್‌ಗಳ ಬುಡ ಗಟ್ಟಿ ಇದೆಯಾ, ಹಸಿ ಮಣ್ಣಿನ ಮೇಲೆ ನಿಂತಿಲ್ಲ ತಾನೆ. ಕಂಬಿಯನ್ನು ಎಂಜಿನಿಯರ್ ಬಂದು ನೋಡಿ ಒಪ್ಪಿದ್ದು. ಕಂಬಿ ಹಲಗೆಗೆ ತಾಗದ ಹಾಗೆ ಅದರ ಕೆಳಗೆ ಕವರ್ ಬ್ಲಾಕ್, ಸ್ಲ್ಯಾಬ್‌ಗೆ 20 ಮಿ.ಮೀ. ಕರೆಂಟ್ ಪೈಪ್, ಫ್ಯಾನ್ ಬಾಕ್ಸ್ ಕೂತಿದ್ದು, ಬಾಯಿ ಮುಚ್ಚಿದ್ದು. ಬಾತ್‌ರೂಮ್‌ನ ಸಂಕನ್ (ತಗ್ಗಿಸಿದ) ಭಾಗದ ಪೈಪ್‌ಗೆ ದಾರಿ ಬಿಟ್ಟಿದ್ದು. ಕಾಂಕ್ರೀಟ್ ಅಲುಗಿಸಿ ಕೂರಿಸುವ ವೈಬ್ರೇಟರ್ ಎರಡು, ಒಂದು ಕೆಟ್ಟರೆ ಇನ್ನೊಂದು. ಮಳೆ ಬಂದರೆ ಹೊದಿಸಲು ಟಾರ್ಪಾಲ್. ಮಲೆನಾಡಿನ ಬಾಗಿಲಲ್ಲಿರುವ ನಮಗೆ ಈ ಕೊನೆಯದು ಜೂನ್ ತಿಂಗಳಿಗೆ ಮಾತ್ರ ಅಲ್ಲ, ಅಕ್ಟೋಬರ್‌ಗೂ ಬೇಕು.

ಪ್ರತಿಯೊಂದನ್ನೂ ಸ್ಥಳದಲ್ಲೇ ನಿಂತು ಟಿಕ್ ಮಾಡಬೇಕು. ಮನೆಗೆ ಬಂದು ನೆನಪಿನಿಂದ ಟಿಕ್ ಮಾಡುವುದಾದರೆ ಸುಮ್ನೆ ಯಾಕೆ ಬರೆಯಬೇಕು? ಅಪ್ಪ ಇಡೀ ಸ್ಲ್ಯಾಬ್ ಮೇಲೆ ಒಂದು ಸುತ್ತು ನಡೆದು, ಕಂಬಿ ಅಲುಗುತ್ತದಾ ಅಂತ ಕಾಲಲ್ಲೇ ನೋಡುತ್ತಿದ್ದರು. ಆ ಸುತ್ತನ್ನು ಈಗ ನಾನು ಫೋನ್ ಹಿಡಿದು ಹಾಕುತ್ತೇನೆ, ಅಷ್ಟೇ ವ್ಯತ್ಯಾಸ.

ಮೋಲ್ಡ್ ಹಾಕಿದ ಸಂಜೆಯೇ ಮುಂದಿನ ತಾರೀಖುಗಳ ಕಾರ್ಡ್‌ಗಳನ್ನು ಮಾಡಿಬಿಡಿ. ಇಲ್ಲಿ ಲೆಕ್ಕ ಸರಿಯಾಗಿರಬೇಕು. ಕಾಂಕ್ರೀಟ್‌ಗೆ ನಮ್ಮ ದೇಶದ ನಿಯಮ ಐಎಸ್ 456, 2000ನೇ ಇಸವಿಯದು. ಅದರ ಪ್ರಕಾರ ಒಪಿಸಿ (ಮಾಮೂಲಿ ಪೋರ್ಟ್‌ಲ್ಯಾಂಡ್) ಸಿಮೆಂಟ್ ಆದರೆ ಕನಿಷ್ಠ 7 ದಿನ ಕ್ಯೂರಿಂಗ್, ಅಂದರೆ ನೀರು ಹಾಕಿ ಹಸಿಯಾಗಿ ಇಡುವುದು. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿಯಂಥ ಮಿಶ್ರ ಸಿಮೆಂಟ್ ಆದರೆ ಕನಿಷ್ಠ 10 ದಿನ. ಬಿಸಿಲು ಜೋರಾಗಿದ್ದರೆ ಇನ್ನೂ ಜಾಸ್ತಿ. ಈಗ ಮನೆಗಳಿಗೆ ಹೆಚ್ಚಾಗಿ ಬರುವುದು ಪಿಪಿಸಿಯೇ. ಇನ್ನು ಪ್ರಾಪ್ ತೆಗೆಯುವುದು: ಸ್ಲ್ಯಾಬ್‌ನ ಸ್ಪ್ಯಾನ್, ಅಂದರೆ ಆಧಾರದಿಂದ ಆಧಾರಕ್ಕೆ ಇರುವ ಅಂತರ, 4.5 ಮೀಟರ್ ಒಳಗಿದ್ದರೆ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಬೀಮ್‌ಗೆ 6 ಮೀಟರ್ ತನಕ 14 ದಿನ, ಅದರ ಮೇಲೆ 21 ದಿನ. ಈ ದಿನಗಳನ್ನು ಒಪಿಸಿ ಸಿಮೆಂಟ್‌ಗೆ ಹೇಳಿರುವುದು. ಪಿಪಿಸಿ ಹಾಕಿದ್ದರೆ ಎಂಜಿನಿಯರ್‌ನ ಕೇಳಿ ದಿನ ಹೆಚ್ಚಿಸಿ. ಗಟ್ಟಿತನ ನೋಡಲು ಅದೇ ಕಾಂಕ್ರೀಟ್‌ನ ಕ್ಯೂಬ್ ತೆಗೆದಿದ್ದರೆ 7ನೇ ದಿನ ಮತ್ತು 28ನೇ ದಿನ ಟೆಸ್ಟ್.

ನವೆಂಬರ್ 3ಕ್ಕೆ ಮೋಲ್ಡ್ ಹಾಕಿದಿರಿ, ಪಿಪಿಸಿ ಸಿಮೆಂಟ್, ಬೀಮ್‌ಗಳೆಲ್ಲ 6 ಮೀಟರ್ ಒಳಗೆ ಅಂದುಕೊಳ್ಳಿ. ಮೊದಲ ಕ್ಯೂಬ್ ಟೆಸ್ಟ್ ನವೆಂಬರ್ 10. ನವೆಂಬರ್ 13ರ ತನಕ ನೀರು ನಿಲ್ಲಿಸುವ ಹಾಗಿಲ್ಲ. ನವೆಂಬರ್ 17ಕ್ಕಿಂತ ಮುಂಚೆಯಂತೂ ಬೀಮ್ ಕೆಳಗಿನ ಪ್ರಾಪ್ ಮುಟ್ಟುವ ಹಾಗಿಲ್ಲ; ಪಿಪಿಸಿ ಆದ್ದರಿಂದ ಎಂಜಿನಿಯರ್ ಇನ್ನೂ ಮುಂದಿನ ದಿನ ಹೇಳಿದರೆ ಅದನ್ನೇ ಹಾಕಿ. ಎರಡನೇ ಕ್ಯೂಬ್ ಟೆಸ್ಟ್ ಡಿಸೆಂಬರ್ 1. ನಾಲ್ಕಕ್ಕೂ ನಾಲ್ಕು ಕಾರ್ಡ್. ಕಾರ್ಡ್ ತೆರೆದು ಡ್ಯೂ ಡೇಟ್ ಒತ್ತಿ ತಾರೀಖು ಹಾಕಿ, ಅಲ್ಲೇ ರಿಮೈಂಡರ್‌ನಲ್ಲಿ ಒಂದು ದಿನ ಮುಂಚೆ ಅಂತ ಆರಿಸಿ. ಆ ಕಾರ್ಡ್‌ಗೆ ನಿಮ್ಮನ್ನು ಮೆಂಬರ್ ಆಗಿ ಸೇರಿಸುವುದನ್ನು ಮರೆಯಬೇಡಿ. ಮೆಂಬರ್ ಆದವರಿಗೆ, ಇಲ್ಲವೇ ಆ ಕಾರ್ಡನ್ನು ವಾಚ್ ಮಾಡುತ್ತಿರುವವರಿಗೆ ಮಾತ್ರ ರಿಮೈಂಡರ್ ಬರುವುದು.

ಪ್ರಾಪ್ ತೆಗೆಯುವ ಕಾರ್ಡ್‌ಗೆ ನಾನು ಯಾಕಿಷ್ಟು ಒತ್ತು ಕೊಡುತ್ತೇನೆ ಅಂದರೆ, ಸೆಂಟ್ರಿಂಗ್‌ನವರಿಗೆ ಹಲಗೆ ಇನ್ನೊಂದು ಸೈಟ್‌ಗೆ ಬೇಕಾಗಿರುತ್ತದೆ. 'ಅಕ್ಕಾ, ಗಟ್ಟಿ ಆಗಿದೆ, ನಾಳೆ ಬಿಚ್ಚಿಬಿಡ್ತೀವಿ' ಅಂತ ಕೇಳುತ್ತಾರೆ. ಅವರದೂ ಹೊಟ್ಟೆಪಾಡು, ತಪ್ಪಲ್ಲ. ಆದರೆ ಆಗ ನನ್ನ ಬಾಯಿಮಾತಿಗಿಂತ ಫೋನ್‌ನಲ್ಲಿರುವ ತಾರೀಖು ತೋರಿಸಿದರೆ ವಾದವೇ ಇರುವುದಿಲ್ಲ. ಆ ತಾರೀಖನ್ನು ಮೋಲ್ಡ್ ಹಾಕಿದ ದಿನವೇ ಅವರ ಎದುರಿಗೇ ಬರೆದಿರುತ್ತೇನೆ.

ಫೋಟೊಗಳು, ಗೋಡೆ ಮುಚ್ಚುವ ಮುಂಚೆ

ಪ್ಲಾಸ್ಟರ್ ಆದ ಮೇಲೆ ಗೋಡೆಯೊಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ರೂಮಿಗೂ ಒಂದು ಕಾರ್ಡ್ ಮಾಡಿ: 'ಅಡುಗೆಮನೆ, ಒಳಗಿನ ಪೈಪ್', 'ಮೇಲಿನ ಬಾತ್‌ರೂಮ್, ಒಳಗಿನ ಪೈಪ್'. ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪ್ ಕೂರಿಸಿದ ಮೇಲೆ, ಗಾರೆ ಬಳಿಯುವ ಮುಂಚೆ, ನಾಲ್ಕೂ ಗೋಡೆಯ ಫೋಟೊ ತೆಗೆದು ಅಟ್ಯಾಚ್ ಮಾಡಿ. ಸುಮ್ಮನೆ ಫೋಟೊ ಸಾಲದು. ಪೈಪ್ ಪಕ್ಕ ಟೇಪ್ ಹಿಡಿಸಿ ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅನ್ನುವುದು ಫೋಟೊದಲ್ಲೇ ಓದಲು ಸಿಗಬೇಕು. ಒಂದು ಫೋಟೊ ಪೂರ್ತಿ ಗೋಡೆ ಕಾಣುವ ಹಾಗೆ ದೂರದಿಂದಲೂ ಇರಲಿ. ಇಲ್ಲದಿದ್ದರೆ ಹತ್ತಿರದ ಫೋಟೊಗಳು ಯಾವ ಗೋಡೆಯವು ಅಂತ ಆಮೇಲೆ ಹೇಳೋದೇ ಕಷ್ಟ.

ಇದರ ಬೆಲೆ ಮನೆಯವರು ಒಳಗೆ ಸೇರಿದ ಮೇಲೆ ಗೊತ್ತಾಗುತ್ತದೆ. ಟಿವಿ ಹಾಕಲು ಬಂದವನು ಡ್ರಿಲ್ ಹಿಡಿದು 'ಇಲ್ಲಿ ಕರೆಂಟ್ ಪೈಪ್ ಇದೆಯಾ?' ಅಂತ ಕೇಳುತ್ತಾನೆ. ಮಾಲೀಕರು ನಮಗೆ ಫೋನ್ ಮಾಡುತ್ತಾರೆ. ಕಾರ್ಡ್ ತೆರೆದು ಫೋಟೊ ಕಳಿಸಿದರೆ ಆಯಿತು. ಊಹೆ ಮಾಡಿ ಹೇಳುವ ಕೆಲಸ ಇಲ್ಲ.

ಉಚಿತ ಪ್ಲಾನ್‌ನಲ್ಲಿ ಒಂದು ಫೈಲ್ 10 ಎಂಬಿ ದಾಟುವ ಹಾಗಿಲ್ಲ. ಫೋನ್ ಫೋಟೊ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ. ವಿಡಿಯೊ ಹೆಚ್ಚಾಗಿ ಹೋಗುವುದಿಲ್ಲ. ವಿಡಿಯೊ ಬೇಕೇ ಬೇಕು ಅಂದರೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕನ್ನು ಕಾರ್ಡ್‌ಗೆ ಅಂಟಿಸಿ. ನನ್ನ ಕೇಳಿದರೆ ಟೇಪ್ ಹಿಡಿದ ಒಂದು ಒಳ್ಳೆ ಫೋಟೊ ಮುಂದೆ ವಿಡಿಯೊ ಏನೂ ಅಲ್ಲ.

ನೆಟ್‌ವರ್ಕ್ ಇಲ್ಲದ ಕಡೆ

ತೀರ್ಥಹಳ್ಳಿ ಕಡೆ ತೋಟದ ಮನೆಗಳ ಕೆಲಸ ಬರುತ್ತದೆ. ಜಂಬಿಟ್ಟಿಗೆ ಗೋಡೆ, ಮೇಲೆ ಹೆಂಚು, ಸುತ್ತ ಅಡಿಕೆ. ಫೋನ್‌ನಲ್ಲಿ ಒಂದು ಗೆರೆ ಸಿಗ್ನಲ್ ಕೂಡ ಇರುವುದಿಲ್ಲ. ಟ್ರೆಲ್ಲೊದ ಫೋನ್ ಆಪ್ ಅಲ್ಲೂ ನಡೆಯುತ್ತದೆ. ಕಾರ್ಡ್ ಸೇರಿಸಬಹುದು, ಟಿಕ್ ಮಾಡಬಹುದು, ಬರೆಯಬಹುದು. ನೆಟ್‌ವರ್ಕ್ ಸಿಕ್ಕಾಗ ತಾನೇ ಕಳಿಸಿಕೊಳ್ಳುತ್ತದೆ. ಆದರೆ ಹೊರಡುವ ಮುಂಚೆ ಮನೆಯಲ್ಲೇ, ವೈಫೈ ಇರುವಾಗ, ಆ ಬೋರ್ಡನ್ನು ಒಮ್ಮೆ ತೆರೆದು ಪೂರ್ತಿ ಲೋಡ್ ಆಗಲು ಬಿಡಿ. ಡ್ರಾಯಿಂಗ್ ಪಿಡಿಎಫ್ ಬೇಕಾಗಿದ್ದರೆ ಅದನ್ನು ಫೋನ್‌ಗೂ ಬೇರೆಯಾಗಿ ಇಳಿಸಿಟ್ಟುಕೊಳ್ಳಿ. ವಾಪಸ್ ಬರುವಾಗ ಸಿಗ್ನಲ್ ಬಂದ ಕಡೆ ಆಪ್ ತೆರೆದು, ಎಲ್ಲ ಹೋಯಿತಾ ಅಂತ ನೋಡಿ.

ಯಾರನ್ನು ಸೇರಿಸಬೇಕು, ಯಾರನ್ನು ಬೇಡ

ನಿಮ್ಮ ಬೋರ್ಡ್‌ಗಳೆಲ್ಲ ಸೇರಿರುವ ಜಾಗಕ್ಕೆ ವರ್ಕ್‌ಸ್ಪೇಸ್ ಅನ್ನುತ್ತಾರೆ. ಉಚಿತ ಪ್ಲಾನ್‌ನಲ್ಲಿ ಒಂದು ವರ್ಕ್‌ಸ್ಪೇಸ್‌ಗೆ 10 ಜನ, 10 ಬೋರ್ಡ್. ಸಣ್ಣ ಕಾಂಟ್ರ್ಯಾಕ್ಟರ್‌ಗಳಿಗೆ ಇದು ಧಾರಾಳ. ಆದರೂ ಎಲ್ಲರನ್ನೂ ಸೇರಿಸಲು ಹೋಗಬೇಡಿ. ನನ್ನ ಬೋರ್ಡ್‌ನಲ್ಲಿ ಇರುವವರು ನಾನು, ನಮ್ಮ ಸೂಪರ್‌ವೈಸರ್, ಎಂಜಿನಿಯರ್, ಮನೆಯ ಮಾಲೀಕರು. ಅಷ್ಟೇ.

ಮೇಸ್ತ್ರಿಗಳಿಗೆ ಹೊಸ ಆಪ್ ಕಲಿಸಲು ಹೋದರೆ ಅವರಿಗೂ ಕಿರಿಕಿರಿ, ನಮಗೂ ಕಿರಿಕಿರಿ. ಅವರ ಕೆಲಸ ಗೋಡೆ ತೂಕಗುಂಡಿಗೆ ಸರಿಯಾಗಿ ಏಳಿಸುವುದು, ಫೋನ್ ನೋಡುವುದಲ್ಲ. ಅವರಿಗೆ ನಾಳೆಯ ಕೆಲಸ ತಿಳಿಯಬೇಕು, ಅಷ್ಟು ಸಾಕು. ಸಂಜೆ ಇನ್‌ಬಾಕ್ಸ್ ಖಾಲಿ ಮಾಡಿದ ಮೇಲೆ 'ಈ ವಾರ' ಲಿಸ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಸೈಟ್‌ನ ವಾಟ್ಸಾಪ್ ಗ್ರೂಪ್‌ಗೆ ಹಾಕುತ್ತೇನೆ. ಕಾರ್ಡ್‌ಗಳನ್ನು ಕನ್ನಡದಲ್ಲಿ, ಪೂರ್ತಿ ವಾಕ್ಯದಲ್ಲಿ ಬರೆಯಿರಿ ಅಂತ ಮೊದಲೇ ಹೇಳಿದ್ದು ಇದಕ್ಕೂ ಹೌದು. ಓದಲು ಬಾರದವರಿಗೆ ಸೂಪರ್‌ವೈಸರ್ ಓದಿ ಹೇಳುತ್ತಾನೆ.

ಮಾಲೀಕರನ್ನು ಸೇರಿಸುವ ವಿಷಯದಲ್ಲಿ ನಮ್ಮ ಕೆಲಸದವರಲ್ಲಿ ಬಹಳ ಜನಕ್ಕೆ ಹಿಂಜರಿಕೆ ಇದೆ. ಎಲ್ಲ ಕಂಡರೆ ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾರೆ ಅಂತ. ನನ್ನ ಅನಿಸಿಕೆ ಬೇರೆ. ಜೀವಮಾನದ ದುಡಿಮೆ ಹಾಕಿ ಮನೆ ಕಟ್ಟಿಸುವವರಿಗೆ ಕೆಲಸ ಎಲ್ಲಿದೆ ಅಂತ ಕಾಣಲೇಬೇಕು. 'ಕಾಯ್ತಿದೆ' ಲಿಸ್ಟ್‌ನಲ್ಲಿ 'ಸಿಂಕ್ ಯಾವ ಕಡೆ' ಅನ್ನುವ ಕಾರ್ಡ್ ಮೇಲೆ ತಮ್ಮ ಹೆಸರು ಕಂಡರೆ ಅವರೇ ಬೇಗ ತೀರ್ಮಾನ ಮಾಡುತ್ತಾರೆ. ತೀರ್ಮಾನವನ್ನು ಅದೇ ಕಾರ್ಡ್‌ನ ಕಾಮೆಂಟ್‌ನಲ್ಲಿ ಬರೆಯಲು ಹೇಳಿ. ಅಡುಗೆಮನೆ ಕಲ್ಲು ಕತ್ತರಿಸಿದ ಮೇಲೆ 'ನಾನು ಹಾಗೆ ಹೇಳಿರಲಿಲ್ಲ ಮೇಡಂ' ಅನ್ನುವ ಮಾತು ಬರುವುದಿಲ್ಲ. ಯಾರು, ಯಾವತ್ತು, ಏನು ಹೇಳಿದರು ಅನ್ನುವುದು ಇಬ್ಬರ ಕಣ್ಣೆದುರಿಗೂ ಇರುತ್ತದೆ.

ಬೋರ್ಡ್ ಮಾಡುವಾಗ ವಿಸಿಬಿಲಿಟಿ, ಅಂದರೆ ಯಾರಿಗೆ ಕಾಣಬೇಕು ಅಂತ ಕೇಳುತ್ತದೆ. ಪ್ರೈವೇಟ್ ಆರಿಸಿ. ವರ್ಕ್‌ಸ್ಪೇಸ್ ಅಂತ ಇಟ್ಟರೆ ಒಬ್ಬ ಮಾಲೀಕರ ಮನೆಯ ವಿಷಯ ಇನ್ನೊಬ್ಬ ಮಾಲೀಕರಿಗೆ ಕಾಣಬಹುದು. ಪಬ್ಲಿಕ್ ಅಂತೂ ಬೇಡವೇ ಬೇಡ. ಪಬ್ಲಿಕ್ ಬೋರ್ಡ್ ಗೂಗಲ್ ಹುಡುಕಾಟದಲ್ಲೂ ಸಿಗಬಹುದು. ಅದರಲ್ಲಿ ಮನೆಯ ಡ್ರಾಯಿಂಗ್, ಬೀಗದ ಬಾಗಿಲು, ಸಿಸಿಟಿವಿ ಜಾಗ ಎಲ್ಲ ಇರುತ್ತವೆ. ಬ್ಯಾಂಕ್ ಖಾತೆ, ಆಧಾರ್ ಪ್ರತಿ, ಸಾಲದ ಕಾಗದಗಳನ್ನು ಪ್ರೈವೇಟ್ ಬೋರ್ಡ್‌ಗೂ ಹಾಕಬೇಡಿ.

ಪ್ಲಾನರ್, ಮತ್ತು ದುಡ್ಡು ಕೊಡಬೇಕಾದ ಸಂಗತಿಗಳು

ಪ್ಲಾನರ್ ಅಂದರೆ ನಿಮ್ಮ ಗೂಗಲ್ ಅಥವಾ ಔಟ್‌ಲುಕ್ ಕ್ಯಾಲೆಂಡರ್ ಟ್ರೆಲ್ಲೊದೊಳಗೇ ಕಾಣುವುದು. ಒಮ್ಮೆ ಖಾತೆ ಜೋಡಿಸಿದರೆ ಸಾಕು. ಕಾರ್ಡ್‌ಗಳಿಗೆ ಕ್ಯಾಲೆಂಡರ್‌ನಲ್ಲಿ ಸಮಯ ಕಾದಿರಿಸುವ ಪೂರ್ತಿ ಅನುಕೂಲ ಹಣ ಕೊಡುವ ಪ್ಲಾನ್‌ನವರಿಗೆ. ಆಫೀಸಿನಲ್ಲಿ ಕೂರುವವರಿಗೆ ಇದು ಚೆನ್ನ. ಸೈಟ್‌ನಲ್ಲಿ 'ಹತ್ತರಿಂದ ಹನ್ನೊಂದು ಇದು' ಅಂತ ಸಮಯ ಕಟ್ಟಿಕೊಂಡರೆ ನಡೆಯುವುದಿಲ್ಲ. ಜಲ್ಲಿ ಲಾರಿ ಬಂದಾಗಲೇ ಹತ್ತು ಗಂಟೆ. ನಾನು ಅದನ್ನು ಎಂಜಿನಿಯರ್ ಭೇಟಿ, ಬ್ಯಾಂಕಿನವರು ಸೈಟ್ ನೋಡಲು ಬರುವ ದಿನ, ಇಂಥ ಸಮಯ ಗೊತ್ತಾದ ಸಂಗತಿಗಳಿಗೆ ಮಾತ್ರ ನೋಡುತ್ತೇನೆ.

ಹಣ ಕೊಟ್ಟರೆ ಸಿಗುವುದರಲ್ಲಿ ನಮಗೆ ನಿಜಕ್ಕೂ ಉಪಯೋಗ ಆಗುವುದು ಎರಡು. ಒಂದು, ಚೆಕ್‌ಲಿಸ್ಟ್‌ನ ಒಂದೊಂದು ಸಾಲಿಗೂ ಬೇರೆ ಬೇರೆ ತಾರೀಖು, ಬೇರೆ ಬೇರೆ ಜನ. ಇನ್ನೊಂದು, ಒಂದೇ ಕಾರ್ಡನ್ನು ಎರಡು ಬೋರ್ಡ್‌ನಲ್ಲಿ ಕಾಣುವ ಹಾಗೆ ಮಾಡುವ ಮಿರರ್. ಎರಡೂ ಸ್ಟ್ಯಾಂಡರ್ಡ್ ಪ್ಲಾನ್‌ನಲ್ಲೇ ಇವೆ. ಮೂರಕ್ಕಿಂತ ಜಾಸ್ತಿ ಮನೆ ಒಟ್ಟಿಗೆ ನಡೆಯುತ್ತಿದ್ದರೆ, ಎಲ್ಲ ಮನೆಯ ಮುಖ್ಯ ಕಾರ್ಡ್‌ಗಳನ್ನು ಒಂದು ಬೋರ್ಡ್‌ಗೆ ಮಿರರ್ ಮಾಡಿ ನೋಡಬಹುದು. ಟೈಮ್‌ಲೈನ್, ಡ್ಯಾಶ್‌ಬೋರ್ಡ್ ಬೇಕಾದರೆ ಪ್ರೀಮಿಯಂ. ಒಂದೆರಡು ಮನೆಯವರಿಗೆ ಇದು ಯಾವುದೂ ಬೇಡ. ದುಡ್ಡು ತಲೆಗೆ ಇಷ್ಟು ಅಂತ ಲೆಕ್ಕ, ಅದನ್ನೂ ನೆನಪಿಡಿ.

ಆಟೊಮೇಶನ್ ಅಂತಲೂ ಒಂದಿದೆ. ಕಾರ್ಡನ್ನು 'ಮುಗೀತು' ಲಿಸ್ಟ್‌ಗೆ ಹಾಕಿದ ಕೂಡಲೇ ಡ್ಯೂ ಡೇಟ್‌ಗೆ ತಾನೇ ಟಿಕ್ ಬೀಳುವ ಹಾಗೆ ಮಾಡುವುದು, ಹೀಗೆ. ಉಚಿತ ಪ್ಲಾನ್‌ನಲ್ಲಿ ತಿಂಗಳಿಗೆ 250 ಸಲ ಓಡುತ್ತದೆ. ರೂಲ್ ಬರೆಯಲು ಕಂಪ್ಯೂಟರ್‌ನಲ್ಲಿ ಟ್ರೆಲ್ಲೊ ತೆರೆಯುವುದೇ ಸರಿ. ಶುರುವಿನಲ್ಲಿ ಇದರ ತಂಟೆಗೆ ಹೋಗಬೇಡಿ. ಕೈಯಾರೆ ಕಾರ್ಡ್ ಸರಿಸುವುದು ಅಭ್ಯಾಸ ಆಗಲಿ.

ಬಣ್ಣದ ಲೇಬಲ್‌ಗಳ ಬಗ್ಗೆಯೂ ಅಷ್ಟೇ. ನಾನು ಎರಡೇ ಇಟ್ಟಿದ್ದೇನೆ. ಕೆಂಪು ಅಂದರೆ 'ಇದಾಗದೆ ಮುಂದಿನದು ಆಗಲ್ಲ', ಹಳದಿ ಅಂದರೆ 'ದುಡ್ಡು ಕೊಡಬೇಕು'.

ಮನೆ ಒಪ್ಪಿಸುವಾಗ

ಗೃಹಪ್ರವೇಶದ ತಾರೀಖು ನಿಕ್ಕಿ ಆದ ದಿನವೇ 'ಉಳಿದ ಚಿಲ್ಲರೆ ಕೆಲಸ' ಅಂತ ಒಂದು ಹೊಸ ಲಿಸ್ಟ್ ಸೇರಿಸಿ. ಮಾಲೀಕರ ಜೊತೆ ರೂಮ್ ರೂಮ್ ಸುತ್ತುತ್ತಾ, ಅವರು ಬೆರಳು ತೋರಿಸಿದ್ದಕ್ಕೆಲ್ಲ ಅಲ್ಲೇ ಒಂದು ಫೋಟೊ, ಒಂದು ಕಾರ್ಡ್. ಬಾಗಿಲು ಚೌಕಟ್ಟಿಗೆ ತಾಗುತ್ತದೆ, ಸ್ವಿಚ್ ಬೋರ್ಡ್ ಸೊಟ್ಟ ಇದೆ, ಬಾಲ್ಕನಿ ನೀರು ಕೊಳವೆ ಕಡೆ ಹೋಗುತ್ತಿಲ್ಲ. ಈ ಲಿಸ್ಟ್‌ನ ಕೊನೆ ಕಾರ್ಡ್ ಮುಗಿದ ಮೇಲೆ ಕೊನೆ ಬಿಲ್ ಕೇಳಿದರೆ ಕೊಡುವವರಿಗೂ ಸಮಾಧಾನ, ಕೇಳುವವರಿಗೂ ಸಂಕೋಚ ಇಲ್ಲ.

ಕೀ ಕೊಡುವ ದಿನ ಒಳಗಿನ ಪೈಪ್‌ಗಳ ಫೋಟೊ, ಮೋಟಾರ್ ಮತ್ತು ಗೀಜರ್‌ನ ವಾರಂಟಿ ಕಾರ್ಡ್, ಬಣ್ಣದ ಶೇಡ್ ನಂಬರ್, ಟೈಲ್ಸ್ ಡಬ್ಬಿಯ ಮೇಲಿನ ಬ್ಯಾಚ್ ನಂಬರ್, ಎಲ್ಲವನ್ನೂ 'ಮನೆಯವರಿಗೆ' ಅನ್ನುವ ಒಂದೇ ಲಿಸ್ಟ್‌ಗೆ ತನ್ನಿ. ಆ ಫೈಲ್‌ಗಳನ್ನು ಮಾಲೀಕರು ತಮ್ಮ ಫೋನ್‌ಗೂ ಇಳಿಸಿಕೊಳ್ಳಲಿ.

ಆಮೇಲೆ ಬೋರ್ಡನ್ನು ಅಳಿಸಬೇಡಿ, ಕ್ಲೋಸ್ ಮಾಡಿ. ಬೇಕಾದಾಗ ಮತ್ತೆ ತೆರೆಯಬಹುದು. ಕ್ಲೋಸ್ ಮಾಡುವ ಮುಂಚೆ ಅದನ್ನೇ ಒಂದು ಕಾಪಿ ಮಾಡಿ, ಈ ಮನೆಯ ಫೋಟೊ, ತಾರೀಖು, ಹೆಸರುಗಳನ್ನು ತೆಗೆದುಹಾಕಿ. 'ಹಾಕುವ ಮುಂಚೆ' ಚೆಕ್‌ಲಿಸ್ಟ್, ಪೈಪ್ ಫೋಟೊ ಕಾರ್ಡ್‌ಗಳು, ಕ್ಯೂರಿಂಗ್ ಕಾರ್ಡ್‌ಗಳು ಹಾಗೇ ಉಳಿಯಲಿ. ಮುಂದಿನ ಮನೆಯ ಪಾಯದ ಪೂಜೆ ಆದ ದಿನ ಆ ಕಾಪಿಗೆ ಹೊಸ ಹೆಸರಿಟ್ಟು, ಹೊಸ ಮಾಲೀಕರನ್ನು ಸೇರಿಸಿ ಕೆಲಸ ಶುರು ಮಾಡಬಹುದು.